ಡೊಳ್ಳು ಹೆಗಲಿಗೇರುವ ಮುನ್ನ: ಹೊಸಬರಿಗೆ ಎಂಟು ವಾರದ ಮೈ ತಯಾರಿ

ಜಾತ್ರೆಗೋ ದಸರಾ ಮೆರವಣಿಗೆಗೋ ಕಾಲೇಜಿನ ಯುವಜನೋತ್ಸವಕ್ಕೋ ದಿನ ಗೊತ್ತಾದ ಮೇಲಷ್ಟೇ ಡೊಳ್ಳಿನ ಧೂಳು ಕೊಡವುವ ತಂಡಗಳೇ ಹೆಚ್ಚು. ಉಳಿದ ಹದಿನೈದು ದಿನ ಬೆಳಿಗ್ಗೆ ಸಂಜೆ ಎರಡೂ ಹೊತ್ತು ತಾಲೀಮು. ಮೂರನೇ ದಿನಕ್ಕೆ ಮೀನಖಂಡ ಬಿಗಿದುಕೊಳ್ಳುತ್ತದೆ, ವಾರ ಕಳೆಯುವಷ್ಟರಲ್ಲಿ ಸೊಂಟ ಹಿಡಿಯುತ್ತದೆ, ಪ್ರದರ್ಶನದ ದಿನ ಇಬ್ಬರಾದರೂ ನೋವಿನ ಮಾತ್ರೆ ನುಂಗಿ ಕುಣಿಯುತ್ತಾರೆ. ಇಷ್ಟಾದ ಮೇಲೆ ಬೈಗುಳವೆಲ್ಲ ಡೊಳ್ಳಿನ ತೂಕಕ್ಕೆ.

ತೂಕ ಇದ್ದೇ ಇದೆ. ಆದರೆ ಕೆಡುಕು ಮಾಡುವುದು ಅದನ್ನು ಮೈಗೆ ಏರಿಸುವ ಅವಸರ. ದಮ್ಮು ಎರಡು ಮೂರು ವಾರದಲ್ಲೇ ಕುದುರುತ್ತದೆ. ತೊಡೆಯ ಬಲ ಒಂದೂವರೆ ಎರಡು ತಿಂಗಳಲ್ಲಿ ಕಾಣುವಷ್ಟು ಹೆಚ್ಚುತ್ತದೆ. ಹಿಮ್ಮಡಿಯ ಸ್ನಾಯುರಜ್ಜು, ಮಂಡಿಚಿಪ್ಪಿನ ಕೆಳಗಿನ ರಜ್ಜು, ಪಾದದ ಸಣ್ಣ ಎಲುಬುಗಳು ಮಾತ್ರ ನಿಧಾನ. ಅವಕ್ಕೆ ತಿಂಗಳುಗಳೇ ಬೇಕು. ಹಾಗಾಗಿ ‘ಈಗ ಎಷ್ಟು ಹೊತ್ತು ಬೇಕಾದರೂ ಕುಣಿಯಬಲ್ಲೆ’ ಎಂದು ದಮ್ಮು ಹೇಳುವ ಹೊತ್ತಿಗೆ ರಜ್ಜುಗಳು ಇನ್ನೂ ಅಣಿಯಾಗಿರುವುದಿಲ್ಲ. ಹೆಚ್ಚಿನ ಪೆಟ್ಟುಗಳು ಆಗುವುದು ಈ ಅಂತರದಲ್ಲೇ. ಕೆಳಗಿನ ಎಂಟು ವಾರದ ಕ್ರಮ ಆರೋಗ್ಯವಂತ ಯುವಕ ಯುವತಿಯರಿಗೆ ಹಾಕಿದ್ದು. ನಲವತ್ತು ದಾಟಿದವರು, ವರ್ಷಗಳಿಂದ ಮೈ ದಂಡಿಸದವರು ಪ್ರತಿ ಹಂತಕ್ಕೂ ಎರಡು ಪಟ್ಟು ಕಾಲ ಕೊಡಿ.

ಕುಣಿತ ಮೈಯಿಂದ ಏನು ಕೇಳುತ್ತದೆ

ಕುರುಬ ಸಮುದಾಯದವರು ಬೀರೇಶ್ವರನ ಸೇವೆಯಾಗಿ ಉಳಿಸಿಕೊಂಡು ಬಂದ ಡೊಳ್ಳು ಕುಣಿತದಲ್ಲಿ ಮೂರು ಕೆಲಸ ಒಟ್ಟೊಟ್ಟಿಗೇ ನಡೆಯುತ್ತವೆ: ಮುಂದೆ ಭಾರ ಹೊತ್ತು ನಿಲ್ಲುವುದು, ಎರಡೂ ಕೈಯಿಂದ ಬಾರಿಸುವುದು, ಆ ಭಾರದ ಸಮೇತ ಕುಕ್ಕರಿಸಿ, ತಿರುಗಿ, ನೆಗೆಯುವುದು. ಬರೀ ಓಟದಲ್ಲೇ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಬಲ ಬೀಳುತ್ತದೆ. ನೆಗೆದು ಇಳಿಯುವಾಗ ಇನ್ನೂ ಹೆಚ್ಚು. ನಿಮಿಷಕ್ಕೆ 40 ನೆಗೆತವಿರುವ ಗತ್ತನ್ನು (ಡೊಳ್ಳಿನ ಒಂದು ಲಯದ ಬಾರಿಕೆ) 8 ನಿಮಿಷ ಆಡಿದರೆ 320 ಬಾರಿ ನೆಲಕ್ಕಿಳಿದಂತಾಯಿತು. ಒಂದು ಸಂಜೆ ಅದನ್ನೇ ನಾಲ್ಕು ಸಲ ‘ಇನ್ನೊಂದ್ಸಲ ನೋಡೋಣ’ ಎಂದು ಮಾಡಿಸುವ ತಂಡದ ನಾಯಕರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಹೊಸಬರ ಗಮನವೆಲ್ಲ ತೋಳಿನ ಮೇಲಿರುತ್ತದೆ. ತೋಳು ದಣಿದರೆ ಪೆಟ್ಟು ಮೆತ್ತಗಾಗುತ್ತದೆ, ಅಷ್ಟೇ. ಮೀನಖಂಡ ಮತ್ತು ತೊಡೆ ದಣಿದರೆ ಮಂಡಿ ಒಳಕ್ಕೆ ವಾಲುತ್ತದೆ, ಹರಡು (ಪಾದದ ಕೀಲು) ಉಳುಕುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ. ಆದ್ದರಿಂದ ತಯಾರಿ ಕಾಲಿನಿಂದ ಶುರುವಾಗಲಿ.

ಶುರುಮಾಡುವ ಮುನ್ನ ನಾಲ್ಕು ಪರೀಕ್ಷೆ

ಮೊದಲಿಗೆ ನಿಮ್ಮ ಡೊಳ್ಳನ್ನು ತಕ್ಕಡಿಗೆ ಹಾಕಿ. ಮರ, ಗಾತ್ರ, ಚರ್ಮ, ಬಳೆಗೆ ತಕ್ಕಂತೆ ತೂಕ ಬಹಳ ಬದಲಾಗುತ್ತದೆ. ಅದು ನಿಮ್ಮ ಮೈತೂಕದ ಶೇ 20ಕ್ಕಿಂತ ಹೆಚ್ಚಿದ್ದರೆ, ಅಂದರೆ 50 ಕೆಜಿಯವರಿಗೆ 10 ಕೆಜಿ ದಾಟಿದರೆ, ಕಲಿಯುವ ತಿಂಗಳುಗಳಿಗೆ ಚಿಕ್ಕ ಡೊಳ್ಳು ಹಿಡಿಯಿರಿ. ನಾದ ಸ್ವಲ್ಪ ಕಡಿಮೆಯಾದರೆ ಆಗಲಿ.

ಎರಡನೆಯದು, ಗೋಡೆಗೆ ಬೆರಳು ತಾಗಿಸಿಕೊಂಡು ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಪೂರ್ತಿ ಎತ್ತರಕ್ಕೆ 20 ಬಾರಿ ಆಗಬೇಕು, ಎರಡೂ ಕಾಲಿಗೆ. ಹತ್ತಕ್ಕೇ ನಿಂತರೆ ನೆಗೆತಕ್ಕೆ ಇನ್ನೂ ಕಾಲ ಬಂದಿಲ್ಲ ಎಂದು ತಿಳಿಯಿರಿ. ಮೂರನೆಯದು, ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲುವುದು. ಹಿಂದೆ ಹರಡು ಉಳುಕಿದ ಕಾಲು ಇಲ್ಲಿ ನಡುಗಿ ತಾನೇ ಸುಳಿವು ಕೊಡುತ್ತದೆ. ನಾಲ್ಕನೆಯದು, ಕನ್ನಡಿಯ ಮುಂದೆ ನಿಂತು ಅರ್ಧ ಕುಕ್ಕರಿಸಿ. ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕೆ ಬರಬೇಕು. ಒಳಗೆ ವಾಲುತ್ತಿದ್ದರೆ ಆ ದೋಷ ಡೊಳ್ಳು ಹೊತ್ತಾಗ ಹೆಚ್ಚಾಗುತ್ತದೆಯೇ ಹೊರತು ತಗ್ಗುವುದಿಲ್ಲ.

ರಕ್ತದೊತ್ತಡ, ಹೃದಯದ ತೊಂದರೆ, ಉಬ್ಬಸ, ಹರ್ನಿಯಾ, ಡಿಸ್ಕ್ ಜಾರಿದ ಇತಿಹಾಸ ಇರುವವರು, ಗರ್ಭಿಣಿಯರು, ಹೆರಿಗೆಯಾಗಿ ಕೆಲವೇ ತಿಂಗಳಾದವರು ವೈದ್ಯರನ್ನು ಕೇಳದೆ ಡೊಳ್ಳು ಕಟ್ಟಬಾರದು. ವೈದ್ಯರಿಗೆ ‘ಡ್ಯಾನ್ಸ್ ಮಾಡಬಹುದಾ’ ಎಂದಷ್ಟೇ ಕೇಳಿದರೆ ಸಾಲದು. ಇಷ್ಟು ಕೆಜಿ ಹೊತ್ತು, ಇಷ್ಟು ನಿಮಿಷ, ನೆಗೆತದ ಸಮೇತ ಎಂದು ಬಿಡಿಸಿ ಹೇಳಿ.

ಮೊದಲ ಎರಡು ವಾರ: ಡೊಳ್ಳಿಲ್ಲದ ಕಾಲು

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು, ಸಲಕ್ಕೆ 30 ನಿಮಿಷ. ಮೊದಲ 8 ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು: ಬಿರುಸು ನಡಿಗೆ, ಮಂಡಿ ಎತ್ತುತ್ತ ನಡಿಗೆ, ಹಿಮ್ಮಡಿಯ ಮೇಲೆ 20 ಹೆಜ್ಜೆ, ಮುಂಗಾಲ ಮೇಲೆ 20 ಹೆಜ್ಜೆ, ಸೊಂಟ ಮತ್ತು ಹೆಗಲು ಸುತ್ತಿಸುವುದು. ಒಂದೇ ಭಂಗಿಯಲ್ಲಿ ಅರ್ಧ ನಿಮಿಷ ಸ್ನಾಯು ಎಳೆದು ಹಿಡಿಯುವುದನ್ನು ಕೊನೆಗೆ ಇಟ್ಟುಕೊಳ್ಳಿ. ಕುಣಿತಕ್ಕೆ ಮುಂಚೆ ಚಲಿಸುತ್ತಲೇ ಮೈ ಸಡಿಲಿಸುವುದು ಲೇಸು.

ಆಮೇಲೆ ಬಲದ ಕೆಲಸ. ಹಿಮ್ಮಡಿ ಎತ್ತುವುದು 12ರಂತೆ ಎರಡು ಸುತ್ತು, ಎರಡನೇ ವಾರ 15ರಂತೆ ಮೂರು ಸುತ್ತು. ಎತ್ತಲು ಒಂದು ಎಣಿಕೆ, ಇಳಿಸಲು ಮೂರು ಎಣಿಕೆ. ರಜ್ಜು ಗಟ್ಟಿಯಾಗುವುದು ಆ ನಿಧಾನ ಇಳಿತದಲ್ಲಿ, ಹಾಗಾಗಿ ಧಡ್ಡೆಂದು ಬಿಡಬೇಡಿ. ಅರ್ಧ ಬೈಠಕ್ 10ರಂತೆ ಮೂರು ಸುತ್ತು. ಮೊಳಕೈ ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವ ಪ್ಲ್ಯಾಂಕ್ 20 ಸೆಕೆಂಡಿನಂತೆ ಮೂರು ಸಲ, ಒಂದೊಂದು ಮಗ್ಗುಲಿಗೂ ಎರಡು ಸಲ. ಮಗ್ಗುಲಿನದನ್ನು ಬಿಡುವವರು ಬಹಳ. ಡೊಳ್ಳು ಹೊತ್ತು ತಿರುಗುವಾಗ ಸೊಂಟ ಹಿಡಿದು ನಿಲ್ಲಿಸುವುದು ಮಗ್ಗುಲ ಸ್ನಾಯುಗಳೇ ಎಂಬುದು ನೆನಪಿರಲಿ.

ಉಳಿದ 10 ನಿಮಿಷ ಚಪ್ಪಾಳೆಯ ಲೆಕ್ಕಕ್ಕೆ ಬರೀ ಹೆಜ್ಜೆ, ನೆಗೆತ ಬೇಡ. ಬಾರಿಸುವುದನ್ನು ಈ ದಿನಗಳಲ್ಲಿ ಡೊಳ್ಳನ್ನು ನೆಲದ ಮೇಲಿಟ್ಟು ಕೂತೇ ಕಲಿಯಿರಿ. ಕಾಲು ಮತ್ತು ಕೈಯನ್ನು ಬೇರೆ ಬೇರೆ ಪಳಗಿಸಿ ಆಮೇಲೆ ಕೂಡಿಸಿದರೆ ಗತ್ತು ಬೇಗ ಕೂರುತ್ತದೆ, ದಣಿವೂ ಕಡಿಮೆ.

ಮೂರು ಮತ್ತು ನಾಲ್ಕನೇ ವಾರ: ಭಾರ ಹೊರುವುದು, ಇಳಿಯುವುದು

ಈಗ ಡೊಳ್ಳು ಕಟ್ಟಿ, ಆದರೆ ಕುಣಿಯಬೇಡಿ. ಕಟ್ಟಿಕೊಂಡು 5 ನಿಮಿಷ ನಡಿಗೆ, 2 ನಿಮಿಷ ಇಳಿಸಿ ವಿಶ್ರಾಂತಿ; ಇಂಥ ಮೂರು ಸುತ್ತು. ನಾಲ್ಕನೇ ವಾರ ನಡೆಯುತ್ತ ಸರಳ ಗತ್ತು ಬಾರಿಸಿ.

ಕಟ್ಟುವ ರೀತಿಯಲ್ಲೇ ಅರ್ಧ ಬೆನ್ನುನೋವು ತಪ್ಪುತ್ತದೆ. ಕತ್ತಿಗೆ ಮಾತ್ರ ನೇತುಹಾಕಿದ ಡೊಳ್ಳು ತಲೆಯನ್ನು ಮುಂದಕ್ಕೆಳೆಯುತ್ತದೆ. ಸಣ್ಣ ಹಗ್ಗವಾದರೆ ಕತ್ತು ಹೆಗಲಿನ ನಡುವಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ನಾಲ್ಕು ಬೆರಳಗಲದ ದಪ್ಪ ಬಟ್ಟೆಯ ಪಟ್ಟಿಯನ್ನು ಹೆಗಲ ಮೇಲಿಂದ ಓರೆಯಾಗಿ ತನ್ನಿ, ಇನ್ನೊಂದು ಪಟ್ಟಿಯನ್ನು ಸೊಂಟದ ಸುತ್ತ ಬಿಗಿದು ಡೊಳ್ಳನ್ನು ಹೊಟ್ಟೆಗೆ ಅಂಟಿಸಿಕೊಳ್ಳಿ. ಮಂಡಿ ಎತ್ತಿದಾಗ ತೊಡೆ ಬಡಿಯುತ್ತಿದ್ದರೆ ಪಟ್ಟಿಯನ್ನು ಎರಡು ಬೆರಳಷ್ಟು ಮೇಲಕ್ಕೆಳೆಯಿರಿ. ಡೊಳ್ಳಿನ ನಡು ಬೆನ್ನುಮೂಳೆಯಿಂದ 35 ಸೆಂ.ಮೀ. ಮುಂದೆ ಇದ್ದದ್ದು ಪಟ್ಟಿ ಸಡಿಲಾಗಿ 45 ಸೆಂ.ಮೀ.ಗೆ ಜಾರಿದರೆ, ಅದೇ ಡೊಳ್ಳು ಸೊಂಟದ ಸ್ನಾಯುಗಳ ಮೇಲೆ ಹಾಕುವ ಎಳೆತ ಶೇ 30ರ ಹತ್ತಿರ ಹೆಚ್ಚುತ್ತದೆ. ಹತ್ತು ನಿಮಿಷಕ್ಕೊಮ್ಮೆ ಪಟ್ಟಿ ಬಿಗಿ ನೋಡಿಕೊಳ್ಳುವುದು ಅಭ್ಯಾಸವಾಗಲಿ. ತಾಲೀಮಿನಲ್ಲಿ ಒಂದು ದಿನ ಎಡ ಹೆಗಲು, ಇನ್ನೊಂದು ದಿನ ಬಲ ಹೆಗಲು.

ಇದೇ ವಾರಗಳಲ್ಲಿ ಡೊಳ್ಳಿಲ್ಲದೆ ನೆಗೆತ ಕಲಿಯಿರಿ. ವಾರಕ್ಕೆ ಎರಡೇ ದಿನ, ದಿನಕ್ಕೆ 30ರಿಂದ 40 ಇಳಿತ, ಹತ್ತು ಹತ್ತರಂತೆ. ಮುಂಗಾಲು ಮೊದಲು ತಾಗಬೇಕು, ಮರುಗಳಿಗೆ ಹಿಮ್ಮಡಿ ಇಳಿಯಬೇಕು, ಮಂಡಿ ಮತ್ತು ಸೊಂಟ ಮಡಿಯಬೇಕು. ಸರಿಯಾಗಿ ಇಳಿದರೆ ಸದ್ದು ತೀರಾ ಸಣ್ಣದು. ಡೊಳ್ಳಿನ ದನಿಯಲ್ಲಿ ಈ ಸದ್ದು ಮುಚ್ಚಿಹೋಗುತ್ತದೆ. ಅದಕ್ಕೇ ವರ್ಷಗಟ್ಟಲೆ ಕುಣಿದವರಿಗೂ ತಾವು ಹಿಮ್ಮಡಿ ಕುಟ್ಟಿ ಇಳಿಯುತ್ತಿರುವುದು ಗೊತ್ತಾಗುವುದಿಲ್ಲ. ವಾದ್ಯ ನಿಲ್ಲಿಸಿ ಇಡೀ ತಂಡವನ್ನು ಒಂದು ಸುತ್ತು ನೆಗೆಸಿ ಕೇಳಿ. ಯಾರ ಕಾಲು ಧಪ್ ಎನ್ನುತ್ತದೋ ಅವರ ಮಂಡಿಗೆ ಮುಂದೆ ನೋವು ಬರುವ ಸಂಭವ ಹೆಚ್ಚು.

ನೆಲದ ವಿಚಾರ. ಗಟ್ಟಿ ಮಣ್ಣಿನ ಸಮತಟ್ಟು ಅಂಗಳಕ್ಕಿಂತ ಒಳ್ಳೆಯ ಜಾಗ ಇಲ್ಲ. ಸಭಾಂಗಣದ ಸಿಮೆಂಟ್ ನೆಲವೇ ಗತಿಯಾದರೆ ದಪ್ಪ ಜಮಖಾನೆ ಹಾಸಿ, ಅಥವಾ ತಾಲೀಮಿಗೆ ಮಟ್ಟಸ ತಳದ ಬೂಟು ಹಾಕಿ. ಬರಿಗಾಲು ಕುಣಿತದ ಮರ್ಯಾದೆ, ನಿಜ; ಆದರೆ ಹುಟ್ಟಿದಾಗಿನಿಂದ ಚಪ್ಪಲಿಯಲ್ಲೇ ನಡೆದ ಪಾದಕ್ಕೆ ಅದು ಹೊಸ ಭಾರ. ದಿನಕ್ಕೆ 10 ನಿಮಿಷದಿಂದ ಆರಂಭಿಸಿ ವಾರಕ್ಕೆ ಐದೈದು ನಿಮಿಷ ಏರಿಸಿ. ಮೊಳೆ, ಗಾಜು ತಪ್ಪಿದ್ದಲ್ಲ. ಕಳೆದ 10 ವರ್ಷದಲ್ಲಿ ಧನುರ್ವಾಯು ಲಸಿಕೆ ಹಾಕಿಸಿಕೊಂಡಿರದಿದ್ದರೆ ಈಗಲೇ ಹಾಕಿಸಿಕೊಳ್ಳಿ.

ಐದು ಮತ್ತು ಆರನೇ ವಾರ: ಕೈ ಕಾಲು ಕೂಡಿಸುವುದು

ಡೊಳ್ಳು ಕಟ್ಟಿ ಹೆಜ್ಜೆ, ಬಾಗುವುದು, ತಿರುಗುವುದು ಎಲ್ಲ ಸರಿ, ನೆಗೆತ ಮಾತ್ರ ಇನ್ನೂ ಬೇಡ. 3–4 ನಿಮಿಷ ಆಟ, 2 ನಿಮಿಷ ಬಿಡುವು, ಹೀಗೆ ಐದು ಸುತ್ತು. ಡೊಳ್ಳಿಲ್ಲದ ನೆಗೆತವನ್ನು 60–80ಕ್ಕೆ ಏರಿಸಿ. ಬಲದ ಕೆಲಸ ವಾರಕ್ಕೆ ಎರಡು ದಿನ ಮುಂದುವರಿಯಲಿ. ಕುಣಿತ ಶುರುವಾಯಿತಲ್ಲ ಎಂದು ಇದನ್ನು ಕೈಬಿಡುವುದೇ ಎಲ್ಲರೂ ಮಾಡುವ ತಪ್ಪು.

ಈ ಹಂತದಲ್ಲಿ ಮುಂಗೈ ನೋವು ಕಾಣಿಸಿಕೊಳ್ಳುವುದುಂಟು. ಕಾರಣ ಹೆಚ್ಚಾಗಿ ಎರಡು. ಕೋಲನ್ನು ಮುಷ್ಟಿ ಬಿಗಿದು ಹಿಡಿಯುವುದು ಒಂದು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಳಿದ ಬೆರಳು ಸಡಿಲ ಬಿಟ್ಟರೆ ಚರ್ಮದ ಪುಟಿತವೇ ಕೋಲನ್ನು ಎತ್ತಿಕೊಡುತ್ತದೆ. ಇನ್ನೊಂದು, ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗಿ ನಾದ ಸತ್ತಾಗ ಆ ಕೊರತೆಯನ್ನು ತೋಳಿನ ಬಲದಿಂದ ತುಂಬಲು ಹೋಗುವುದು. ಹಗ್ಗ ಬಿಗಿದು, ಬಿಸಿಲು ಕಾಣಿಸಿ ಚರ್ಮವನ್ನು ಸರಿಮಾಡಿ. ಮಣಿಕಟ್ಟು ತಾನಾಗಿ ಸರಿಹೋಗುತ್ತದೆ. ಅಂಗೈಯಲ್ಲಿ ಬಾರಿಸುವಾಗ ಬೆರಳ ಬುಡದ ದಪ್ಪ ಭಾಗ ತಾಗಲಿ. ಗುಳ್ಳೆ ಎದ್ದರೆ ಒಡೆಯಬೇಡಿ, ಸ್ವಚ್ಛ ಪಟ್ಟಿ ಸುತ್ತಿ.

ಉಸಿರು ಹಿಡಿಯುವ ಚಾಳಿ ಇಲ್ಲೇ ಅಂಟಿಕೊಳ್ಳುತ್ತದೆ. ಕುಕ್ಕರಿಸಿದಲ್ಲಿಂದ ಏಳುವಾಗ ಉಸಿರು ಕಟ್ಟಿದರೆ ರಕ್ತದೊತ್ತಡ ಒಮ್ಮೆಗೇ ಏರಿ ತಲೆ ಸುತ್ತಬಹುದು. ಏಳುವ ಪೆಟ್ಟಿಗೆ ಕೂಗು ಹಾಕುವ ಪದ್ಧತಿ ಹಲವು ತಂಡಗಳಲ್ಲಿದೆ. ಕೂಗಿದಾಗ ಉಸಿರು ಹೊರಹೋಗಲೇಬೇಕು. ಹೊಸಬರಿಗೆ ಇದು ಸುಲಭದ ಉಪಾಯ.

ಏಳು ಮತ್ತು ಎಂಟನೇ ವಾರ: ಪೂರ್ತಿ ಆಟ

ಈಗ ಡೊಳ್ಳಿನ ಸಮೇತ ನೆಗೆಯಬಹುದು. ವಾರಕ್ಕೆ ಎರಡು ದಿನ ಪೂರ್ತಿ ಆಟ, 8–10 ನಿಮಿಷದ ಎರಡು ಮೂರು ಸುತ್ತು. ಒಂದು ದಿನ ಬರೀ ಗತ್ತು ಮತ್ತು ಹೆಜ್ಜೆ. ಪ್ರದರ್ಶನಕ್ಕೆ ಮೂರು ದಿನ ಮುಂಚಿನಿಂದ ನೆಗೆತ ನಿಲ್ಲಿಸಿ. ಕೊನೆಯ ದಿನಗಳಲ್ಲಿ ಕಾಲಿಗೆ ಹೊಸ ಬಲ ಬರುವುದಿಲ್ಲ, ದಣಿವು ಮಾತ್ರ ಸೇರುತ್ತದೆ.

ಒಬ್ಬರ ಮೇಲೊಬ್ಬರು ನಿಂತು ಗೋಪುರ ಕಟ್ಟುವುದನ್ನು ಹೊಸಬರ ಎಂಟು ವಾರದ ಕ್ರಮದಲ್ಲಿ ಸೇರಿಸಿಲ್ಲ, ಬೇಕೆಂದೇ. ಮಾಡುವ ತಂಡಗಳು ಮಣ್ಣಿನ ನೆಲದಲ್ಲಿ, ಸುತ್ತ ಹಿಡಿಯುವವರನ್ನು ನಿಲ್ಲಿಸಿ, ಆಟದ ಮೊದಲಲ್ಲೇ ಮಾಡಲಿ. ಕೊನೆಯ ಚಪ್ಪಾಳೆಗೆಂದು ದಣಿದ ಕಾಲಿನ ಮೇಲೆ ಗೋಪುರ ಎಬ್ಬಿಸುವುದು ಅಪಾಯ.

ನೋವು ಓದುವುದು

ತಾಲೀಮಿನ ಮರುದಿನ, ಎರಡನೇ ದಿನ ತೊಡೆ ಮೀನಖಂಡ ತುಂಬಿದಂತೆ ನೋಯುವುದು ಸಹಜ, ಓಡಾಡಿದರೆ ಬಿಡುತ್ತದೆ. ಹಿಮ್ಮಡಿಯ ರಜ್ಜು ಬೆಳಿಗ್ಗೆ ಮೊದಲ ಹೆಜ್ಜೆಗಳಲ್ಲಿ ಬಿಗಿದಿದ್ದರೆ, ಮಂಡಿಚಿಪ್ಪಿನ ಕೆಳಗೆ ಚುಚ್ಚಿದರೆ ಅದು ರಜ್ಜಿನ ದೂರು. ಅಳತೆ ಇಷ್ಟೇ: ಇವತ್ತಿನ ತಾಲೀಮಿನಿಂದ ನಾಳೆ ಬೆಳಗಿನ ನೋವು ಇವತ್ತಿನ ಬೆಳಗಿಗಿಂತ ಹೆಚ್ಚಾಯಿತೇ? ಹೆಚ್ಚಾಗಿದ್ದರೆ ನೆಗೆತವನ್ನು ಅರ್ಧಕ್ಕಿಳಿಸಿ, ಹಿಮ್ಮಡಿ ಎತ್ತುವ ನಿಧಾನ ಕಸರತ್ತು ಬಿಡಬೇಡಿ. ಪೂರ್ತಿ ಮಲಗಿಬಿಟ್ಟರೆ ರಜ್ಜು ಇನ್ನಷ್ಟು ಸೊರಗುತ್ತದೆ. ಕಣಕಾಲಿನ ಎಲುಬಿನ ಮೇಲೆ ಬೆರಳ ತುದಿಯಷ್ಟೇ ಜಾಗದಲ್ಲಿ ಒತ್ತಿದರೆ ಜೀವ ಹೋಗುವಂತಿದ್ದರೆ, ರಾತ್ರಿಯೂ ನೋಯುತ್ತಿದ್ದರೆ ಎಲುಬಿನಲ್ಲಿ ಕೂದಲೆಳೆ ಬಿರುಕಿರಬಹುದು. ಕುಣಿತ ನಿಲ್ಲಿಸಿ ಮೂಳೆ ವೈದ್ಯರಲ್ಲಿಗೆ ಹೋಗಿ.

ಹರಡು ಉಳುಕಿದಾಗ ನಮ್ಮಲ್ಲಿ ಮೊದಲು ನಡೆಯುವುದು ಎಣ್ಣೆ ಹಚ್ಚಿ ಎಳೆದು ತೀಡುವುದು. ಹರಿದ ನಾರನ್ನು ಆ ಹೊತ್ತಲ್ಲಿ ತೀಡಿದರೆ ರಕ್ತ ಇನ್ನೂ ಒಸರಿ ಊತ ಏರುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15 ನಿಮಿಷ, ಅಗಲ ಪಟ್ಟಿಯ ಕಟ್ಟು, ಕಾಲು ಎತ್ತರದಲ್ಲಿ. ಎರಡು ದಿನ ಇಷ್ಟೇ. ಪೆಟ್ಟು ಬಿದ್ದಾಗಲೂ ಆಮೇಲೂ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ಬೇಕೇ ಬೇಕು.

ನೋವಿನ ಮಾತ್ರೆ ನುಂಗಿ ಕುಣಿಯುವುದು ಎರಡು ಬಗೆಯಲ್ಲಿ ಕೆಡುಕು. ಎಚ್ಚರಿಕೆಯ ನೋವು ಮರೆಯಾಗುತ್ತದೆ. ಜೊತೆಗೆ ಬೆವರಿ ನೀರಿಳಿದ ಮೈಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಗೆಯ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಮೆರವಣಿಗೆಯ ಹುರುಪಿಗೆಂದು ಕುಡಿಯುವವರಿಗೂ ಇದೇ ಮಾತು: ತೋಲ ತಪ್ಪುತ್ತದೆ, ನೀರೂ ಇಳಿಯುತ್ತದೆ.

ಬಿಸಿಲು, ನೀರು, ಕಿವಿ

ಹೊಟ್ಟೆ ತುಂಬ ಊಟ ಆಟಕ್ಕೆ ಮೂರು ತಾಸು ಮೊದಲು ಮುಗಿಯಲಿ. ಒಂದು ತಾಸಿದೆ ಎನ್ನುವಾಗ ಬಾಳೆಹಣ್ಣು ಸಾಕು. ಎರಡು ತಾಸು ಮುಂಚೆ ಅರ್ಧ ಲೀಟರ್ ನೀರು, ನಡುವೆ 20 ನಿಮಿಷಕ್ಕೊಮ್ಮೆ ಒಂದು ಲೋಟ. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಬಹಳ ಬೆವರುವವರು ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿಟ್ಟುಕೊಳ್ಳಿ. ತಾಲೀಮಿಗೆ ಮುಂಚೆ, ಆಮೇಲೆ ತೂಕ ನೋಡಿ: ಒಂದು ಕೆಜಿ ಇಳಿದಿದ್ದರೆ ಕುಡಿದದ್ದರ ಮೇಲೆ ಇನ್ನೊಂದು ಲೀಟರ್ ಬೆವರು ಹೋಗಿದೆ ಎಂದರ್ಥ. ಕುಣಿಯುತ್ತಿದ್ದವರು ಅಸಂಬದ್ಧ ಮಾತಾಡತೊಡಗಿದರೆ, ಮೈ ಕಾದು ಕುಸಿದರೆ, ಬಟ್ಟೆ ಡೊಳ್ಳು ಬಿಚ್ಚಿ ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತ 108ಕ್ಕೆ ಕರೆ ಮಾಡಿ. ಎದೆ ಹಿಂಡಿದಂತಾದರೆ, ನೋವು ತೋಳಿಗೆ ಅಥವಾ ದವಡೆಗೆ ಹರಿದರೆ ‘ಗ್ಯಾಸ್’ ಎಂದು ಕೂರಬೇಡಿ.

ಕಿವಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ಎಂಟು ತಾಸು ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ, 100ಕ್ಕೆ ಕಾಲು ಗಂಟೆಯಷ್ಟೇ. ಹತ್ತು ಹನ್ನೆರಡು ಡೊಳ್ಳು ಮುಚ್ಚಿದ ಹಾಲ್‌ನಲ್ಲಿ ಮೊಳಗಿದರೆ ಎಷ್ಟಾದೀತು ಎಂದು ಮೊಬೈಲಿನ ಮಾಪಕದಲ್ಲೇ ಅಂದಾಜು ನೋಡಬಹುದು. ತಾಲೀಮು ಬಯಲಲ್ಲಿರಲಿ, ಸ್ಪಂಜಿನ ಕಿವಿಬಿರಡೆ ಹಾಕಿಕೊಂಡರೂ ಗತ್ತು ಸ್ಪಷ್ಟವಾಗಿ ಕೇಳುತ್ತದೆ. ಮಲಗುವಾಗ ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಅಂದು ಸದ್ದು ಮಿತಿ ಮೀರಿತ್ತು ಎಂದೇ.

ಬರುವ ಲಾಭ, ಬಾರದ ಲಾಭ

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷದ ಬಿರುಸು ಶ್ರಮ, ಜೊತೆಗೆ ಎರಡು ದಿನ ಸ್ನಾಯುಬಲದ ಕೆಲಸ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡೊಳ್ಳು ಬಿರುಸಿನ ಗುಂಪಿಗೆ ಸೇರಿದ್ದು. ಕುಣಿಯುವಾಗ ಎರಡು ಮೂರು ಮಾತಿಗಿಂತ ಹೆಚ್ಚು ಆಡಲಾಗದಿದ್ದರೆ ಅದೇ ಗುರುತು. ಮೇಲಿನ ಕ್ರಮದ ವಾರಕ್ಕೆ ಮೂರು ದಿನವೇ ಆ ಅಳತೆಯ ಬಹುಪಾಲನ್ನು ಮುಟ್ಟಿಸುತ್ತದೆ. ಭಾರ ಹೊತ್ತು ನೆಗೆಯುವುದರಿಂದ ಎಲುಬಿಗೆ ಈಜು, ಸೈಕಲ್‌ನಿಂದ ಸಿಗದ ಪ್ರಚೋದನೆ ಸಿಗುತ್ತದೆ. ಹದಿಹರೆಯದವರಿಗೆ ಇದು ದೊಡ್ಡ ಲಾಭ. ಗತ್ತು ಬದಲಾದಂತೆ ಹೆಜ್ಜೆ, ಜಾಗ, ಪಕ್ಕದವರ ಚಲನೆ ಎಲ್ಲವನ್ನೂ ಲೆಕ್ಕವಿಡುವುದು ತೋಲಕ್ಕೂ ನೆನಪಿಗೂ ಕಸರತ್ತು. ನ್ಯೂಯಾರ್ಕಿನ ಹಿರಿಯರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೃತ್ಯ ಮಾಡುವವರಲ್ಲಿ ಮರೆಗುಳಿತನ ಕಡಿಮೆ ಕಂಡಿತ್ತು. ಆದರೆ ನೃತ್ಯವೇ ಅದಕ್ಕೆ ಕಾರಣ ಎಂದು ಅಂಥ ಅಧ್ಯಯನದಿಂದ ಸಿದ್ಧವಾಗದು.

ತೂಕ ಇಳಿಸುವ ಆಸೆಯಿಂದ ಬರುವವರು ಲೆಕ್ಕ ನೋಡಿಕೊಳ್ಳಲಿ: 60 ಕೆಜಿಯವರಿಗೆ ಅರ್ಧ ಗಂಟೆಯ ಜನಪದ ಕುಣಿತದಲ್ಲಿ ಬಿರುಸಿಗೆ ತಕ್ಕಂತೆ 150ರಿಂದ 240 ಕ್ಯಾಲೊರಿ ಖರ್ಚಾದೀತು. ತಾಲೀಮು ಮುಗಿದ ಮೇಲಿನ ಎರಡು ಬಜ್ಜಿ, ಒಂದು ಚಹಾ ಅದನ್ನು ಹೆಚ್ಚುಕಡಿಮೆ ಹಿಂದಿರುಗಿಸುತ್ತವೆ. ವರ್ಷಕ್ಕೊಂದು ರಾತ್ರಿಯ ಮೆರವಣಿಗೆಯಿಂದ ಆರೋಗ್ಯಕ್ಕೆ ಏನೂ ದಕ್ಕುವುದಿಲ್ಲ, ಮೈಕೈ ನೋವು ಬಿಟ್ಟರೆ.

ಡೊಳ್ಳು ಒಗ್ಗದಿದ್ದರೆ

ಮಂಡಿ ಸವೆದವರು, ಅರವತ್ತು ದಾಟಿದವರು ಕೋಲಾಟಕ್ಕೆ ಬನ್ನಿ. ಭಾರವಿಲ್ಲ, ವೇಗ ನಿಮ್ಮ ಕೈಯಲ್ಲಿದೆ, ತೋಲಕ್ಕೆ ಒಳ್ಳೆಯ ಸಾಧನೆ. ಬೀಸು ಕಂಸಾಳೆಯಲ್ಲಿ ಹೊರೆಯಿಲ್ಲದಿದ್ದರೂ ಕುಕ್ಕರಿಸುವುದು, ಬೆನ್ನು ಬಾಗಿಸುವುದು ಬಹಳ. ತೋಳು ಮತ್ತು ದಾರದ ಉದ್ದ ಸೇರಿಸಿದಷ್ಟು ಅಂತರ ಬಿಡದಿದ್ದರೆ ದಾರಕ್ಕೆ ಕಟ್ಟಿ ಬೀಸಿದ ಕಂಚಿನ ತಾಳ ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ದೇವರ ಅಲಂಕೃತ ಚೌಕಟ್ಟನ್ನು ತಲೆಯ ಮೇಲೆ ಹೊರುವ ಪೂಜಾ ಕುಣಿತದಲ್ಲಿ ಭಾರವೆಲ್ಲ ಕತ್ತಿಗೆ. ಮೊದಲು ಸಿಂಬೆಯ ಮೇಲೆ ಖಾಲಿ ಬುಟ್ಟಿ, ವಾರಗಳು ಕಳೆದಂತೆ ತೂಕ; ಕತ್ತಿನ ಎಲುಬು ಸವೆದವರಿಗೆ ಇದು ಬೇಡ. ವೀರಗಾಸೆಯ ಕುಣಿತದ ನಡುವಿನ ಒಡಪು (ವೀರಭದ್ರನ ಕಥೆಯನ್ನು ಗಟ್ಟಿ ದನಿಯಲ್ಲಿ ಹೇಳುವ ಮಾತು) ಸಹಜವಾಗಿಯೇ ಉಸಿರಾಡಲು ಬಿಡುವು ಕೊಡುತ್ತದೆ, ಆದರೆ ಕಾಲಿಗೆ ಕಟ್ಟಿದ ತೂಕ ಸೊಂಟದ ತೂಕಕ್ಕಿಂತ ಬೇಗ ದಣಿಸುತ್ತದೆ. ಗೆಜ್ಜೆ ಗಗ್ಗರದ ಅಡಿಗೆ ಮೆತ್ತನೆ ಬಟ್ಟೆ ಸುತ್ತಿ, ಒಂದು ಬೆರಳು ತೂರುವಷ್ಟು ಸಡಿಲ ಬಿಡಿ.

ಕಾರ್ಯಕ್ರಮ ಮುಗಿದ ಮೇಲೆ ವಾರಕ್ಕೆರಡು ದಿನ, ಅರ್ಧ ಗಂಟೆ, ಹತ್ತಾರು ನೆಗೆತ ಉಳಿಸಿಕೊಂಡರೆ ಗಳಿಸಿದ್ದು ಬಹುಮಟ್ಟಿಗೆ ಉಳಿಯುತ್ತದೆ. ಮೂರು ವಾರ ಬಿಟ್ಟವರು ಐದನೇ ವಾರದ ಕ್ರಮದಿಂದ, ಎರಡು ತಿಂಗಳು ಬಿಟ್ಟವರು ಮೂರನೇ ವಾರದಿಂದ, ಅದಕ್ಕೂ ಹೆಚ್ಚು ಬಿಟ್ಟವರು ಡೊಳ್ಳು ಕೆಳಗಿಟ್ಟು ಮೊದಲಿನಿಂದ ಶುರುಮಾಡಿ. ಉಳುಕಿದ ಕಾಲಿನವರು ಒಂಟಿ ಕಾಲಲ್ಲಿ 20 ಬಾರಿ ಹಿಮ್ಮಡಿ ಎತ್ತಿ, ಅದೇ ಕಾಲಲ್ಲಿ ನೋವಿಲ್ಲದೆ 10 ಬಾರಿ ಕುಪ್ಪಳಿಸುವವರೆಗೆ ಸಾಲಿಗೆ ಮರಳುವುದು ಬೇಡ. ಅಷ್ಟು ದಿನ ತಾಳ ಹಿಡಿದು ಪಕ್ಕದಲ್ಲಿ ನಿಂತರೆ ಗತ್ತಾದರೂ ಕೈತಪ್ಪುವುದಿಲ್ಲ.